ಹೋಗಿ ಬರ್ತೀನಿ: ಶ್ರೀನಗರದಿಂದ ನಗೋಯಾಗೆ



ಕಳೆದ ತಿಂಗಳು ಕಾಲೇಜಿಗೆ ಬಂದಿದ್ದಾಗ ದ್ವಿತೀಯ ಪಿಯುಸಿಯ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಅಕ್ಕಾ, ಜಪಾನ್‌ನಲ್ಲಿ ಇಂಗ್ಲಿಷೇ ಇಲ್ವಂತೆ, ಊಟಕ್ಕೆಲ್ಲ ಹಂದಿಯಂತೆ, ನೀವು ಹೇಗೆ ಓದಿದ್ರಿ?" ಬೆಲ್ ಹೊಡೆದದ್ದರಿಂದ ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2014ರಲ್ಲಿ ನಾನು ಪಿಸಿಎಂಬಿಯಲ್ಲಿ ಪಿಯುಸಿ ಮುಗಿಸಿದೆ. ಜಪಾನ್ ಸರ್ಕಾರದ ಶಿಕ್ಷಣ ಸಚಿವಾಲಯ ಕೊಡುವ ಮೆಕ್ಸ್ಟ್ ವಿದ್ಯಾರ್ಥಿವೇತನದ ಬಗ್ಗೆ ಆಗ ತಾನೇ ಕೇಳಿದ್ದೆ. ಪಿಯುಸಿ ಮುಗಿಸಿದವರು ಜಪಾನ್ ದೂತಾವಾಸದ ಮೂಲಕ ಇದಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ವಿಮಾನದ ಟಿಕೆಟ್ ಅವರದು, ಬೋಧನಾ ಶುಲ್ಕವಿಲ್ಲ, ತಿಂಗಳಿಗೆ 1,17,000 ಯೆನ್ ಕೈಗೆ ಬರುತ್ತದೆ. ಮೊದಲ ವರ್ಷ ಜಪಾನಿ ಭಾಷೆ ಕಲಿಸುತ್ತಾರೆ, ಆಮೇಲೆ ನಾಲ್ಕು ವರ್ಷ ಪದವಿ. ವಿಜ್ಞಾನದವರಿಗೆ ಗಣಿತ, ಇಂಗ್ಲಿಷ್, ಜಪಾನಿ ಪರೀಕ್ಷೆಗಳ ಜೊತೆಗೆ ರಸಾಯನಶಾಸ್ತ್ರ, ಮತ್ತು ಆರಿಸಿಕೊಂಡ ವಿಭಾಗಕ್ಕೆ ತಕ್ಕಂತೆ ಭೌತಶಾಸ್ತ್ರ ಅಥವಾ ಜೀವಶಾಸ್ತ್ರ ಇರುತ್ತದೆ.

ನಾನು ಲಿಖಿತ ಪರೀಕ್ಷೆಯಲ್ಲೇ ಉದುರಿದೆ. ಕಾರಣ ಪಠ್ಯವಲ್ಲ, ಪಠ್ಯ ನಮ್ಮದಕ್ಕಿಂತ ತೀರಾ ಬೇರೆಯೇನೂ ಇಲ್ಲ. ನಮ್ಮಲ್ಲಿ ಲೆಕ್ಕದ ಉತ್ತರ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ. ಅಲ್ಲಿ ಖಾಲಿ ಚೌಕದಲ್ಲಿ ಉತ್ತರ ಬರೆಯಬೇಕು, ಅಷ್ಟೇ. ಮೈನಸ್ ಒಂದು ಬಿಟ್ಟುಹೋದರೆ ಇಡೀ ಲೆಕ್ಕ ಹೋಯಿತು. ನಾನು ಗಣಿತದಲ್ಲಿ ಹಂತಗಳ ಅಂಕದ ಮೇಲೆಯೇ ಬದುಕಿದವಳು ಎಂಬುದು ಆ ದಿನ ಗೊತ್ತಾಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅವರೇ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಹಾಕಿರುತ್ತಾರೆ. ನಾನು ಅವನ್ನು ಪರೀಕ್ಷೆಗೆ ಹತ್ತು ದಿನ ಮೊದಲು ನೋಡಿದೆ. ನೀವು ಹತ್ತು ತಿಂಗಳು ಮೊದಲು ನೋಡಿ.

ಅಬ್ಬಾ ಆಗ ಕಲಾಸಿಪಾಳ್ಯದ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ಬೈಯಲಿಲ್ಲ. ನಾನು ಬಿಎಸ್ಸಿಗೆ ಸೇರಿದೆ. ಆದರೆ ಮನೆಗೆ ಬಂದ ನೆಂಟರೆಲ್ಲ "ಜಪಾನ್ ಏನಾಯ್ತು?" ಎಂದು ಕೇಳುವಾಗ ಅವರು ಎದ್ದು ಒಳಗೆ ಹೋಗುತ್ತಿದ್ದರು. ಆ ಚಳಿಗಾಲ ನಾನು ಇನ್ನೊಂದು ದಾರಿ ಹುಡುಕಿದೆ.

2009ರಲ್ಲಿ ಜಪಾನ್ ಸರ್ಕಾರ ಗ್ಲೋಬಲ್ 30 ಎಂಬ ಯೋಜನೆ ಆರಂಭಿಸಿ 13 ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನಲ್ಲೇ ಓದುವ ಕೋರ್ಸುಗಳಿಗೆ ದಾರಿ ಮಾಡಿತು. ಟೋಕಿಯೊ ವಿಶ್ವವಿದ್ಯಾಲಯವಂತೂ 2012ರಲ್ಲಿ ತನ್ನ ಭಾರತ ಕಚೇರಿಯನ್ನು ಬೆಂಗಳೂರಿನಲ್ಲೇ ತೆರೆದಿತ್ತು. ನಾನು ನಗೋಯಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪದವಿಗೆ ಅರ್ಜಿ ಹಾಕಿದೆ. ಅಲ್ಲಿನ ರ‍್ಯೋಜಿ ನೊಯೊರಿ ಅವರಿಗೆ 2001ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತ್ತು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಇಬ್ಬರು, ಅಕಸಾಕಿ ಮತ್ತು ಅಮಾನೊ, ಅಲ್ಲಿಯವರೇ.

ಸಂದರ್ಶನ ಕಂಪ್ಯೂಟರ್ ಮುಂದೆ ಕೂತು ಕೊಟ್ಟದ್ದು. ಅರ್ಜಿಯಲ್ಲಿ ನಾನು ಶ್ರೀನಗರದ ನಮ್ಮ ಮನೆಯ ಬೋರ್‌ವೆಲ್ ನೀರಿನ ಬಗ್ಗೆ ಬರೆದಿದ್ದೆ, ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ ಎಂದು. ಅದನ್ನೇ ಹಿಡಿದುಕೊಂಡರು. ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಕಾರ್ಬೊನೇಟ್ ಆಗಿ ತಳ ಸೇರುತ್ತದೆ ಎಂದು ಸಮೀಕರಣ ಸಮೇತ ಒಪ್ಪಿಸಿದೆ. "ಸರಿ, ತಣ್ಣೀರಿನಲ್ಲಿ ಏಕೆ ಹಾಗಾಗುವುದಿಲ್ಲ?" ಎಂದರು. ಗೈಡಿನಲ್ಲಿ ಅದಿರಲಿಲ್ಲ. ಅರ್ಧ ನಿಮಿಷ ಸುಮ್ಮನಿದ್ದೆ. ಆಮೇಲೆ ಗಟ್ಟಿಯಾಗಿ ಯೋಚಿಸುತ್ತಾ ಹೋದೆ: ಇದು ಎರಡೂ ಕಡೆ ನಡೆಯುವ ಕ್ರಿಯೆ, ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಅದನ್ನು ಹಿಡಿದಿಟ್ಟಿದೆ, ಬಿಸಿ ನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆ, ಅದು ಹೊರಟುಹೋದಂತೆ ಸಮತೋಲನ ಕಾರ್ಬೊನೇಟ್ ಕಡೆಗೆ ವಾಲುತ್ತದೆ. ಪ್ರಥಮ ಪಿಯುಸಿಯ ಲೆ ಶಾಟೆಲಿಯರ್ ತತ್ವವೇ. ಪರೀಕ್ಷೆಗೆ ಬರೆದಿದ್ದೆ, ಚಹಾದ ಪಾತ್ರೆಯಲ್ಲಿ ನೋಡಿರಲಿಲ್ಲ.

ಸೀಟು ಸಿಕ್ಕಿತು. ಆದರೆ ಹಣ? ಆಗ ವರ್ಷಕ್ಕೆ ಬೋಧನಾ ಶುಲ್ಕ 5,35,800 ಯೆನ್, ಪ್ರವೇಶ ಶುಲ್ಕ ಬೇರೆ 2,82,000 ಯೆನ್. ಅಂದಿನ ಲೆಕ್ಕದಲ್ಲಿ ವರ್ಷದ ಶುಲ್ಕವೇ ಸುಮಾರು 2.9 ಲಕ್ಷ ರೂಪಾಯಿ. (ಈಚೆಗೆ ಕೆಲವೆಡೆ ಏರಿದೆ. ಟೋಕಿಯೊ ವಿಶ್ವವಿದ್ಯಾಲಯ 2025ರಿಂದ 6,42,960 ಯೆನ್ ಮಾಡಿದೆ.) ಶುಲ್ಕ ಮಾಫಿಯ ಪತ್ರ ಬರುವವರೆಗೆ ಮೂರು ವಾರ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಪತ್ರ ಬಂದ ರಾತ್ರಿ ಅಬ್ಬಾ ಹೇಳಿದರು: "ಬರದಿದ್ರೆ ನಿನ್ನ ಅಕ್ಕನ ಮದುವೆಗೆ ಇಟ್ಟ ದುಡ್ಡು ಕೊಡೋಣ ಅಂತಿದ್ದೆ. ಅವಳೇ ಹೇಳಿದ್ದು." ಅಕ್ಕ ನನಗೆ ಇಂದಿಗೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ.

ಈಗ ಭಾಷೆಗೆ ಬರೋಣ. ಇದೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು. ಪಾಠ ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಆಸ್ಪತ್ರೆ, ವಾರ್ಡ್ ಕಚೇರಿ ಎಲ್ಲ ಜಪಾನಿಯಲ್ಲೇ. ನನ್ನ ತರಗತಿಯ ಯುರೋಪಿನ ಹುಡುಗರು ಕ್ರಿಯಾಪದ ಕೊನೆಗೆ ಬರುವುದನ್ನು ಕಂಡು ತಲೆ ಚಚ್ಚಿಕೊಳ್ಳುತ್ತಿದ್ದರು. ನನಗೆ ನಗು. "ವಾತಾಶಿ ವಾ ಮಿಜು ಒ ನೊಮಿಮಾಸು": ನಾನು ನೀರನ್ನು ಕುಡಿಯುತ್ತೇನೆ, ಅದೇ ಸಾಲು, ಅದೇ ಕ್ರಮ. 'ಒ' ನಮ್ಮ 'ಅನ್ನು', 'ನಿ' ನಮ್ಮ 'ಗೆ', 'ಕಾರಾ' ನಮ್ಮ 'ಇಂದ'. ಒಬ್ಬರು ಹೇಳಿದ್ದನ್ನು ಹೇಳುವಾಗ ನಾವು 'ಅಂತ' ಎನ್ನುವಲ್ಲಿ ಅವರು 'ತೊ' ಎನ್ನುತ್ತಾರೆ. 'ತಿಂದು ನೋಡಿ' ಎನ್ನಲು 'ತಾಬೆತೆ ಮಿತೆ', ಅಲ್ಲೂ ತಿಂದು, ಅಲ್ಲೂ ನೋಡಿ! ಇಂಗ್ಲಿಷಿನ ಮೂಲಕ ಜಪಾನಿ ಕಲಿಯಲು ಹೋಗಬೇಡಿ, ಕನ್ನಡದ ಮೂಲಕವೋ ಉರ್ದುವಿನ ಮೂಲಕವೋ ಕಲಿಯಿರಿ. ಅವರ ಅಕ್ಷರಮಾಲೆ ಕೂಡ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳು ಓದುತ್ತಿದ್ದ ಸಂಸ್ಕೃತದ ಸಿದ್ಧಂ ಲಿಪಿಯ ಪ್ರಭಾವ ಅದು. ಹಿರಗಾನ 46, ಕತಕಾನ 46, ಒಂದು ತಿಂಗಳ ಕೆಲಸ. ಕಾಂಜಿ ಮಾತ್ರ ಬೇರೆ ಕಥೆ. ದಿನಬಳಕೆಗೆಂದು ನಿಗದಿ ಮಾಡಿರುವುದೇ 2,136. ಅದಕ್ಕೆ ಉಪಾಯವಿಲ್ಲ, ಬರೆಯಬೇಕು. ನಾನು ಮೊದಲು ಕಲಿತ ಕಾಂಜಿಗಳಲ್ಲಿ ಒಂದು 'ಬುತ', ಅಂದರೆ ಹಂದಿ. ಅಂಗಡಿಯಲ್ಲಿ ಬಿಸ್ಕತ್ತಿನ ಹಿಂಬದಿ ಓದಲು ಅದು ಬೇಕೇ ಬೇಕು. ಬ್ರೆಡ್ಡಿನಲ್ಲಿ ಕೊಬ್ಬು, ಸಿಹಿಯಲ್ಲಿ ಜೆಲಟಿನ್, ಸಾರಿನಲ್ಲಿ ಮಿರಿನ್ ಎಂಬ ಮದ್ಯ. ಮೊದಲ ತಿಂಗಳು ಅನ್ನ, ಮೊಟ್ಟೆ, ಅಮ್ಮಿ ಕಳಿಸಿದ ಉಪ್ಪಿನಕಾಯಿ.

ನಮಾಜಿಗೆ ತೊಂದರೆಯಾಗಲಿಲ್ಲ, ಖಾಲಿ ಕೋಣೆ ಕೇಳಿದರೆ ಕೊಡುತ್ತಿದ್ದರು. ಮಸೀದಿಗೆ ಹೊಂಜಿನ್‌ಗೆ ಹೋಗಬೇಕು, ಮೊತೊಯಾಮಾದಲ್ಲಿ ಮೆಟ್ರೊ ಬದಲಿಸಿ. 2016ರ ರಮಝಾನ್ ಜೂನ್‌ನಲ್ಲಿ ಬಂತು. ಬೆಳಗಿನ ಮೂರಕ್ಕೇ ಸಹರಿ ಮುಗಿಯಬೇಕು, ಇಫ್ತಾರ್ ಸಂಜೆ ಏಳು ದಾಟಿದ ಮೇಲೆ. ಪ್ರಯೋಗಾಲಯದಲ್ಲಿ ನಿಂತು ಟೈಟ್ರೇಶನ್ ಮಾಡುವಾಗ ಜೊತೆಗಾತಿ ಹಾರುಕಾ ನೀರಿನ ಬಾಟಲಿಯನ್ನು ನನ್ನ ಕಣ್ಣಿಗೆ ಬೀಳದಂತೆ ಬ್ಯಾಗಿನಲ್ಲಿಟ್ಟು ಹೊರಗೆ ಹೋಗಿ ಕುಡಿದು ಬರುತ್ತಿದ್ದಳು. ಪರವಾಗಿಲ್ಲ ಎಂದರೂ ಕೇಳಲಿಲ್ಲ. ಹಿಜಾಬಿನ ಬಗ್ಗೆ ಅಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ: "ಬಟ್ಟೆ ಹತ್ತಿಯದೇ? ಸಿಂಥೆಟಿಕ್ ಆದರೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ." ಮಾರನೆಯ ದಿನದಿಂದ ಹತ್ತಿಯದು, ತುದಿ ಕೋಟಿನ ಒಳಗೆ.

ಎಲ್ಲವೂ ಹೀಗೇ ಇತ್ತೆಂದರೆ ಸುಳ್ಳಾಗುತ್ತದೆ. ಹಾಸ್ಟೆಲ್ ಬಿಟ್ಟು ಕೋಣೆ ಹುಡುಕುವಾಗ ಮೂರು ಕಡೆ "ಪರದೇಶಿಯರಿಗೆ ಕೊಡುವುದಿಲ್ಲ" ಎಂದರು, ತುಂಬ ವಿನಯದಿಂದ, ತಲೆ ಬಾಗಿಸಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮಂಥವರಿಗೆ ಈ ಅನುಭವ ಹೊಸದಲ್ಲ, ಬಾಗುವುದಷ್ಟೇ ಹೊಸದು. ವಿದ್ಯಾರ್ಥಿಗಳು ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ಒಂದು ಹೋಟೆಲಿನವರು ತಲೆವಸ್ತ್ರ ತೆಗೆದರೆ ಕೆಲಸ ಕೊಡುತ್ತೇವೆ ಎಂದರು. ನಾನು ಎದ್ದು ಬಂದೆ. ಆಮೇಲೆ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿ ದುಡಿದೆ, ಅದು ಹೆಚ್ಚೇ ಸಿಕ್ಕಿತು.

ಜಪಾನಿನ ನಂಟು ನಮಗೆ ಹೊಸದೆಂದು ತಿಳಿಯಬೇಡಿ. ನೀವು ದಿನಾ ಬಸ್ಸಿನಲ್ಲಿ ದಾಟುವ ಟಾಟಾ ಸಿಲ್ಕ್ ಫಾರ್ಮ್, ಜಮ್ಶೆಟ್‌ಜೀ ಟಾಟಾ ಹತ್ತೊಂಬತ್ತನೇ ಶತಮಾನದ ಕೊನೆಗೆ ಜಪಾನಿ ಪರಿಣತರನ್ನು ಕರೆಸಿ ಅವರ ವಿಧಾನದಲ್ಲಿ ರೇಷ್ಮೆ ಬೆಳೆಸಿದ ಜಾಗ. ಸರ್ ಎಂ. ವಿಶ್ವೇಶ್ವರಯ್ಯ 1898ರಲ್ಲೇ ಜಪಾನ್ ನೋಡಿ ಬಂದಿದ್ದರು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಡಳಿತದಲ್ಲಿದ್ದಾಗ ಅಲ್ಲಿನ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದವರು ಸರ್ ಸೈಯದ್ ಅಹ್ಮದ್ ಖಾನ್ ಅವರ ಮೊಮ್ಮಗ ರಾಸ್ ಮಸೂದ್. ಅವರು 1922ರಲ್ಲಿ ಜಪಾನಿನ ಶಾಲೆಗಳನ್ನು ನೋಡಲೆಂದೇ ಹೋದರು, 1923ರಲ್ಲಿ ವರದಿ ಪ್ರಕಟವಾಯಿತು. ತಮ್ಮ ಭಾಷೆಯಲ್ಲೇ ವಿಜ್ಞಾನ ಕಲಿಸಿ ಮುಂದೆ ಬಂದ ದೇಶವೊಂದು ಏಷ್ಯಾದಲ್ಲೇ ಇದೆಯಲ್ಲ ಎಂಬುದು ಅವರನ್ನು ಸೆಳೆದಿತ್ತು. ನಾವು ಪಿಯುಸಿಗೆ ಬಂದು ಇಂಗ್ಲಿಷಿಗೆ ಬೆದರುವಾಗ ನನಗೆ ಅವರ ನೆನಪಾಗುತ್ತದೆ.

ಅಲ್ಲಿ ಮನೆಯಿಂದ ಹೊರಡುವವರು "ಇತ್ತೆ ಕಿಮಾಸು" ಎನ್ನುತ್ತಾರೆ. ಪದಕ್ಕೆ ಪದ, ಹೋಗಿ ಬರ್ತೀನಿ. ಉಳಿದವರು "ಇತ್ತೆರಾಶ್ಶಾಯ್", ಹೋಗಿ ಬನ್ನಿ. ಮೊದಲ ಸಲ ಕೇಳಿದ ದಿನ ಅಮ್ಮಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ಅವರೂ ಬರೀ 'ಹೋಗ್ತೀನಿ' ಅನ್ನಲ್ಲ ಅನ್ನು," ಎಂದರು.

2019ರಲ್ಲಿ ಪದವಿ ಮುಗಿಸಿ ಬಂದೆ. ಈಗ ಬೆಂಗಳೂರಿನಲ್ಲೇ ಕೆಲಸ. ಮೆಕ್ಸ್ಟ್‌ನ ಹಳೆಯ ಗಣಿತ ಮತ್ತು ರಸಾಯನಶಾಸ್ತ್ರ ಪತ್ರಿಕೆಗಳ ಪ್ರತಿಗಳನ್ನು ನಮ್ಮ ಗ್ರಂಥಾಲಯದಲ್ಲಿ ಕೊಟ್ಟಿದ್ದೇನೆ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡರ ನಂತರ ಅಲ್ಲಿರುತ್ತೇನೆ. ಬರುವವರು ಒಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು 60 ನಿಮಿಷದಲ್ಲಿ ಬಿಡಿಸಿ ತನ್ನಿ. ಹಂತಗಳಿಗೆ ಅಂಕವಿಲ್ಲ.