ಧರಣಿಯ ಮೈಕು ಯಾರ ಕೈಯಲ್ಲಿರಬೇಕು?

ರಾಜ್ಯಶಾಸ್ತ್ರ ವಿಭಾಗದಿಂದ



ದ್ವಿತೀಯ ಪಿಯುಸಿ ತರಗತಿಯಲ್ಲಿ ಜನಚಳವಳಿಗಳ ಬಗ್ಗೆ ಪಾಠ ನಡೆಯುತ್ತಿದ್ದಾಗ ಹೇಮಾವತಿ ಲಿಂಕ್ ಕೆನಾಲ್ ಮಾತು ಬಂತು. ಗುಬ್ಬಿ ಕಡೆಯಿಂದ ಬರುವ ಹುಡುಗನೊಬ್ಬ, "ಸರ್, ಎಂಎಲ್‌ಎಗಳು ಬರದೇ ಇದ್ದಿದ್ರೆ ನಮ್ಮ ಹೋರಾಟಕ್ಕೆ ಟಿವಿಯವರು ಬರ್ತಾನೇ ಇರ್ಲಿಲ್ಲ" ಎಂದ. ಕುಣಿಗಲ್ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಟಿವಿಯವರು ಬಂದ್ರು ಸರ್, ಸರಿ. ಆದ್ರೆ ನಮ್ಮ ಕಡೆಯವರ ಮಾತನ್ನ ಆ ವೇದಿಕೇಲಿ ಯಾರು ಹೇಳಿದ್ರು?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಇಬ್ಬರ ಮಾತೂ ಸುಳ್ಳಲ್ಲ. ಆ ದಿನ ಮುಗಿಯದೇ ಉಳಿದ ಚರ್ಚೆಯನ್ನು ಇಲ್ಲಿ ಮುಂದುವರಿಸುತ್ತೇನೆ. ಜನರು ತಾವಾಗಿಯೇ ಕಟ್ಟಿದ ಹೋರಾಟದ ವೇದಿಕೆಗೆ ರಾಜಕಾರಣಿಗಳನ್ನು ಕರೆದು ಮೈಕು ಕೊಡಬೇಕೇ, ಬೇಡವೇ?

ಮೊದಲು ಪ್ರಶ್ನೆಯನ್ನು ಬಿಡಿಸಿ ನೋಡೋಣ

ಸಂವಿಧಾನದ 19(1)(ಎ) ವಿಧಿ ಮಾತನಾಡುವ ಹಕ್ಕನ್ನೂ, 19(1)(ಬಿ) ವಿಧಿ ಆಯುಧಗಳಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ಕೊಟ್ಟಿವೆ. ಈ ಹಕ್ಕು ರೈತನಿಗೆ ಇರುವಂತೆ ಶಾಸಕರಿಗೂ ಇದೆ. ಆದ್ದರಿಂದ ರಾಜಕಾರಣಿ ಮಾತನಾಡಬಹುದೇ ಎಂಬುದು ನಮ್ಮ ಪ್ರಶ್ನೆಯಲ್ಲ. ಅವರಿಗೆ ಮಾತನಾಡಲು ವಿಧಾನಸಭೆ ಇದೆ, ಪಕ್ಷದ ಸಮಾವೇಶ ಇದೆ, ಪತ್ರಿಕಾಗೋಷ್ಠಿ ಇದೆ. ಧರಣಿಗೆ ಕುಳಿತವರಿಗೆ ಇರುವುದು ಒಂದೇ ಶಾಮಿಯಾನ, ಒಂದೇ ಮೈಕು. ಅದನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದಷ್ಟೇ ಪ್ರಶ್ನೆ.

'ರಾಜಕಾರಣಿ' ಎಂದು ಒಂದೇ ಪದದಲ್ಲಿ ಹೇಳಿದರೂ ವೇದಿಕೆಗೆ ಬರುವವರು ಮೂರು ಬಗೆಯವರು. ಅಧಿಕಾರದಲ್ಲಿರುವ ಸಚಿವರು ಅಥವಾ ಆಡಳಿತ ಪಕ್ಷದ ಶಾಸಕರು ಒಂದು ಬಗೆ. ಇವರ ಕೈಯಲ್ಲಿ ನಿರ್ಧಾರ ಇರುತ್ತದೆ. ವಿರೋಧ ಪಕ್ಷದವರು ಎರಡನೆಯ ಬಗೆ. ಇವರ ಕೈಯಲ್ಲಿ ನಿರ್ಧಾರ ಇರುವುದಿಲ್ಲ, ಸದನದಲ್ಲಿ ಪ್ರಶ್ನೆ ಕೇಳುವ ಶಕ್ತಿ ಇರುತ್ತದೆ. ಮುಂದಿನ ಚುನಾವಣೆಯ ಟಿಕೆಟ್ ಆಕಾಂಕ್ಷಿಗಳು ಮೂರನೆಯ ಬಗೆ. ಇವರಿಂದ ಹೋರಾಟಕ್ಕೆ ಸಿಗುವುದು ಹೆಚ್ಚೆಂದರೆ ಶಾಮಿಯಾನದ ಬಾಡಿಗೆ ಮತ್ತು ಮಧ್ಯಾಹ್ನದ ಊಟ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬೇಡ ಎನ್ನುವವರ ವಾದ

ನಮ್ಮ ರಾಜ್ಯದ ರೈತ ಚಳವಳಿಯ ಮೂಲವೂ ಕಾಲುವೆ ನೀರಿನಲ್ಲೇ ಇದೆ. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದದಲ್ಲಿ ಹೋರಾಟ ಎದ್ದಿತು. 1980ರ ಜುಲೈ 21ರಂದು ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಆ ನಂತರ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಪಕ್ಷಗಳಿಂದ ದೂರ ನಿಂತು ಬೆಳೆಯಿತು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂಬ ಫಲಕಗಳನ್ನು ರೈತರು ಹಳ್ಳಿಗಳ ಬಾಗಿಲಲ್ಲಿ ನೆಟ್ಟರು. ಹಸಿರು ಶಾಲು ಹೆಗಲ ಮೇಲಿದ್ದರೆ ಕಚೇರಿಯಲ್ಲಿ ಕುರ್ಚಿ ಸಿಗುವ ಕಾಲ ಬಂತು.

ಮುಂದೆ ಸಂಘವೇ ಚುನಾವಣೆಗೆ ಇಳಿಯಿತು. 1989ರಲ್ಲಿ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರಗಳಲ್ಲಿ ಗೆದ್ದರು. ಅವರು ಬಿಟ್ಟುಕೊಟ್ಟ ಕ್ಷೇತ್ರದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ವಿಧಾನಸಭೆಗೆ ಬಂದರು. ವಿಧಾನಸಭೆಯಲ್ಲಿ ರೈತರ ದನಿ ಕೇಳಿಸಿತು, ನಿಜ. ಆದರೆ ಬಾಬಾಗೌಡರು ನಂತರ ಬಿಜೆಪಿ ಸೇರಿ 1998ರಲ್ಲಿ ಲೋಕಸಭೆಗೆ ಹೋಗಿ ಕೇಂದ್ರ ಸಚಿವರಾದರು. ಸಂಘ ಬಣಗಳಾಗಿ ಒಡೆಯಿತು. ಹಸಿರು ಶಾಲು ಕಂಡಾಗ "ಯಾವ ಬಣ?" ಎಂದು ಕೇಳುವ ಸ್ಥಿತಿ ಬಂತು. ಚುನಾವಣೆ ಒಳಗೆ ಬಂದರೆ ಜನರ ಒಗ್ಗಟ್ಟು ಹೊರಗೆ ಹೋಗುತ್ತದೆ ಎನ್ನುವವರು ಈ ಉದಾಹರಣೆ ಕೊಡುತ್ತಾರೆ.

ಅವರ ಎರಡನೆಯ ಉದಾಹರಣೆ ದೆಹಲಿಯ ಗಡಿಯದು. 2020ರ ಸೆಪ್ಟೆಂಬರಿನಲ್ಲಿ ಬಂದ ಮೂರು ಕೃಷಿ ಕಾಯ್ದೆಗಳ ವಿರುದ್ಧ ನವೆಂಬರಿನಿಂದ ರೈತರು ಗಡಿಗಳಲ್ಲಿ ಕುಳಿತರು. ಪಕ್ಷದ ನಾಯಕರು ಬಂದು ಬೆಂಬಲ ಹೇಳಬಹುದು, ಆದರೆ ಸಂಯುಕ್ತ ಕಿಸಾನ್ ಮೋರ್ಚಾದ ವೇದಿಕೆಯಿಂದ ಭಾಷಣ ಮಾಡುವಂತಿಲ್ಲ ಎಂಬುದು ಅಲ್ಲಿನ ನಿಯಮವಾಗಿತ್ತು. ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುವ ಹತ್ತಾರು ಸಂಘಟನೆಗಳು ಒಂದೇ ಕಡೆ ಒಂದು ವರ್ಷ ಕೂರಲು ಈ ನಿಯಮ ನೆರವಾಯಿತು. 2021ರ ನವೆಂಬರ್ 19ರಂದು ಪ್ರಧಾನಿಯವರು ಕಾಯ್ದೆಗಳನ್ನು ಹಿಂಪಡೆಯುವುದಾಗಿ ಹೇಳಿದರು. ಆಮೇಲೆ ಅದೇ ಹೋರಾಟದ ಕೆಲವು ಸಂಘಟನೆಗಳು 2022ರ ಪಂಜಾಬ್ ಚುನಾವಣೆಗೆ ನಿಂತು ಒಂದು ಸ್ಥಾನವನ್ನೂ ಗೆಲ್ಲಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ವೇದಿಕೆ ಕೊಡದ ಅದೇ ರೈತರು ಕೇಂದ್ರ ಸಚಿವರ ಜೊತೆ 11 ಸುತ್ತು ಮಾತುಕತೆ ನಡೆಸಿದರು. ಅಂದರೆ ಅವರು ರಾಜಕಾರಣಿಗಳನ್ನು ಬಹಿಷ್ಕರಿಸಿರಲಿಲ್ಲ. ಭಾಷಣದ ವೇದಿಕೆ ಬೇರೆ, ಮಾತುಕತೆಯ ಮೇಜು ಬೇರೆ ಎಂದು ತಿಳಿದಿದ್ದರು. ಪರೀಕ್ಷೆಯಲ್ಲಿ ಬರೆಯುವಾಗಲೂ ಈ ವ್ಯತ್ಯಾಸ ಮರೆಯಬೇಡಿ.

ಬೇಕು ಎನ್ನುವವರ ವಾದ

ಇವರ ಮಾತೂ ಹಗುರವಾದದ್ದಲ್ಲ. ಆದೇಶ ಹೊರಡುವುದು ವಿಧಾನಸೌಧದಿಂದಲೇ ತಾನೇ? ನಾವು ಮತ ಹಾಕಿ ಕಳಿಸಿದವರನ್ನೇ ದೂರವಿಟ್ಟರೆ ನಮ್ಮ ಮಾತನ್ನು ಅಲ್ಲಿಗೆ ಒಯ್ಯುವವರು ಯಾರು ಎಂದು ಅವರು ಕೇಳುತ್ತಾರೆ.

ಇದಕ್ಕೆ ದೇವನಹಳ್ಳಿ ಒಳ್ಳೆಯ ಉದಾಹರಣೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆ ಜಮೀನು ಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಆರಂಭಿಸಿದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಧರಣಿ ಸ್ಥಳಕ್ಕೆ ಬಂದು ಬೆಂಬಲ ಹೇಳಿದ್ದರು. 2023ರಲ್ಲಿ ಅವರೇ ಮುಖ್ಯಮಂತ್ರಿಯಾದರು. ಸ್ವಾಧೀನ ಕೂಡಲೇ ನಿಲ್ಲಲಿಲ್ಲ. ಆದರೆ "ಅಂದು ನಮ್ಮ ಪಕ್ಕ ಕುಳಿತು ಹೇಳಿದ್ದನ್ನು ನೆನಪಿಸಿಕೊಳ್ಳಿ" ಎಂದು ಕೇಳುವ ಹಕ್ಕು ರೈತರಿಗೆ ಸಿಕ್ಕಿತ್ತು. ಅದನ್ನು ಅವರು ಬಿಡದೆ ಕೇಳಿದರು. 1198 ದಿನಗಳ ನಂತರ, 2025ರ ಜುಲೈ 15ರಂದು, ಭೂಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು.

ಗೆದ್ದದ್ದು ಭಾಷಣದಿಂದಲ್ಲ, 1198 ದಿನ ಎದ್ದು ಹೋಗದೆ ಕುಳಿತದ್ದರಿಂದ. ಆದರೂ ಭಾಷಣ ಒಂದು ಸಾಕ್ಷಿಯಾಗಿ ಉಳಿಯಿತು. ರಾಜಕಾರಣಿಯ ಮಾತನ್ನು ಚಪ್ಪಾಳೆ ತಟ್ಟಿ ಕೇಳಿದರೆ ಅದು ಅವರ ಆಸ್ತಿ, ಬರೆದಿಟ್ಟುಕೊಂಡರೆ ನಮ್ಮ ಆಸ್ತಿ.

ನಮ್ಮ ಮನೆಯಂಗಳದ ಪ್ರಶ್ನೆ: ಹೇಮಾವತಿ

ಈಗ ನಮ್ಮ ಜಿಲ್ಲೆಗೆ ಬರೋಣ. ಹಾಸನ ಜಿಲ್ಲೆಯ ಗೊರೂರು ಜಲಾಶಯದಿಂದ ಹೊರಟ ಹೇಮಾವತಿ ನಾಲೆ ಗುಬ್ಬಿಯ ತೋಟಗಳನ್ನು ದಾಟಿ ಬರುತ್ತದೆ. ತುಮಕೂರು ನಗರದ ನಲ್ಲಿಗಳಿಗೆ ಬರುವುದೂ ಬುಗುಡನಹಳ್ಳಿ ಕೆರೆಗೆ ಹರಿದು ಬರುವ ಇದೇ ನೀರು. ನಾಲೆಯ ಕೊನೆಯ ಭಾಗದಲ್ಲಿ ಕುಣಿಗಲ್ ಇದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆ ಇರುವ ತಾಲ್ಲೂಕು ಅದು. ಕೊನೆಯ ಭಾಗದವರಿಗೆ ನೀರು ಸಿಗುವುದು ಮೇಲಿನವರ ಹೊಲ, ಕೆರೆ ತುಂಬಿದ ಮೇಲೆ.

ಗುಬ್ಬಿ ತಾಲ್ಲೂಕಿನಲ್ಲೇ ನಾಲೆಯಿಂದ ನೀರು ತೆಗೆದು ಪೈಪ್‌ಲೈನ್ ಮೂಲಕ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವುದು, ಮುಂದೆ ಮಾಗಡಿಗೂ ಕೊಡುವುದು ಲಿಂಕ್ ಕೆನಾಲ್ ಯೋಜನೆ. ವೆಚ್ಚ ಸುಮಾರು 1000 ಕೋಟಿ ರೂಪಾಯಿ. ನೀರು ಕೆಳಗೆ ಹರಿದುಹೋಗಿ ನಮ್ಮ ಪಾಲು ಒಣಗುತ್ತದೆ ಎಂಬುದು ತುಮಕೂರು, ಗುಬ್ಬಿ ಭಾಗದ ರೈತರ ಆತಂಕ. ತೆರೆದ ನಾಲೆಯಲ್ಲಿ ನಮ್ಮ ಪಾಲು ನಮಗೆ ಬಂದು ಮುಟ್ಟುತ್ತಲೇ ಇಲ್ಲ ಎಂಬುದು ಕುಣಿಗಲ್ ರೈತರ ಅಳಲು. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆ ಇದ್ದರೂ ದೊಡ್ಡ ಸಂಖ್ಯೆಯ ಜನ ಕಾಮಗಾರಿ ಸ್ಥಳಕ್ಕೆ ನುಗ್ಗಿದರು. ರೈತರ ಜೊತೆ ಮಠಾಧೀಶರಿದ್ದರು, ಬಿಜೆಪಿ ಮತ್ತು ಜೆಡಿಎಸ್ ಶಾಸಕರಿದ್ದರು. ಯೋಜನೆಯ ಪರವಾಗಿ ಕುಣಿಗಲ್ ಮತ್ತು ಮಾಗಡಿಯ ಕಾಂಗ್ರೆಸ್ ಶಾಸಕರು ನಿಂತರು.

ಯೋಜನೆಯ ಹಿಂದಿನ ಕಥೆಯನ್ನೂ ನೋಡಿ. ಮೊದಲು ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ, ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ ಸರ್ಕಾರದ ಕಾಲದಲ್ಲಿ. ನಂತರ ಬಂದ ಬಿಜೆಪಿ ಸರ್ಕಾರ ಅದನ್ನು ಕೈಬಿಟ್ಟಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಮತ್ತೆ ಕೈಗೆತ್ತಿಕೊಂಡಿತು. ಹೀಗಿರುವಾಗ ವೇದಿಕೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಕೇಳಬಹುದಾದ ಪ್ರಶ್ನೆಗಳಿವೆ. ಜೆಡಿಎಸ್‌ನವರಿಗೆ: 2019ರಲ್ಲಿ ನಿಮ್ಮ ಪಕ್ಷವೇ ಸರ್ಕಾರದಲ್ಲಿದ್ದಾಗ ಏನು ಹೇಳಿದಿರಿ? ಬಿಜೆಪಿಯವರಿಗೆ: ಯೋಜನೆ ಕೈಬಿಟ್ಟ ಮೇಲೆ ಕುಣಿಗಲ್ಲಿನ ಕೊನೆಯ ಕೆರೆಗೆ ನೀರು ಮುಟ್ಟಿಸಲು ಏನು ಮಾಡಿದಿರಿ? ಕಾಂಗ್ರೆಸ್‌ನವರಿಗೆ: ಬರಗಾಲದ ವರ್ಷ ಯಾರ ಪಾಲು ಮೊದಲು ಕಡಿತವಾಗುತ್ತದೆ, ಅದನ್ನು ಎಲ್ಲಿ ಬರೆದಿದ್ದೀರಿ?

ಭಾಷಣಕ್ಕೆಂದು ಕರೆದವರನ್ನು ಯಾರೂ ಹೀಗೆ ಕೇಳುವುದಿಲ್ಲ. ಹಾರ ಹಾಕಿದ ಕೈ ಪ್ರಶ್ನೆ ಕೇಳಲು ಹಿಂಜರಿಯುತ್ತದೆ. ಇನ್ನೊಂದು ನಷ್ಟವೂ ಇದೆ. ನೀರು ಹಂಚಿಕೆಯ ಲೆಕ್ಕ ನಿಧಾನವಾಗಿ ಪಕ್ಷಗಳ ಜಗಳವಾಗುತ್ತದೆ, ಆಮೇಲೆ ತಾಲ್ಲೂಕುಗಳ ಜಗಳವಾಗುತ್ತದೆ. ಗುಬ್ಬಿಯ ಅಡಿಕೆ ಬೆಳೆಗಾರನೂ ಕುಣಿಗಲ್ಲಿನ ರಾಗಿ ಬೆಳೆಗಾರನೂ ಒಂದೇ ಮಂಡಿಯಲ್ಲಿ, ಒಂದೇ ಬಸ್ಸಿನಲ್ಲಿ ಭೇಟಿಯಾಗುವವರು. ಎರಡು ವೇದಿಕೆಗಳ ಮೇಲೆ ನಿಂತವರ ಮಾತು ಕೇಳಿದರೆ ಇವರು ಶತ್ರುಗಳೇನೋ ಎನಿಸಬೇಕು.

ಆದ್ದರಿಂದ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯೇ ಈ ಪಾಠದ ತಿರುಳು ಎಂದು ನನಗೆ ಅನಿಸುತ್ತದೆ. ಹೋರಾಟಗಾರರು ರಾಜಕಾರಣಿಗೆ ಮೈಕು ಕೊಡುವ ಮೊದಲು ಎದುರು ಪಕ್ಕದ ರೈತನನ್ನು ಕರೆದು ಒಮ್ಮೆ ಮೈಕು ಕೊಡಬೇಕು. ಅವನ ಮಾತನ್ನು ಕೇಳಿದ ಮೇಲೂ ನಿಲ್ಲುವ ಬೇಡಿಕೆ ಗಟ್ಟಿ ಬೇಡಿಕೆ. ಅದನ್ನು ಯಾವ ಪಕ್ಷವೂ ತನ್ನದೆಂದು ಎತ್ತಿಕೊಂಡು ಹೋಗಲಾರದು.

ಹಾಗಾದರೆ ನಿಯಮ ಏನು?

ಬಾಗಿಲು ಮುಚ್ಚುವುದೂ ಸರಿಯಲ್ಲ, ಹಾರ ಹಿಡಿದು ಕಾಯುವುದೂ ಸರಿಯಲ್ಲ. ಮೇಲಿನ ಉದಾಹರಣೆಗಳಿಂದ ನಾನು ಕಲಿತದ್ದು ಇಷ್ಟು:

1. ನಿಯಮವನ್ನು ಶಾಮಿಯಾನ ಹಾಕುವ ಮೊದಲೇ ಸಭೆ ಸೇರಿ ತೀರ್ಮಾನಿಸಬೇಕು. ಕಾರು ಬಂದು ನಿಂತ ಮೇಲೆ ತೀರ್ಮಾನಿಸಲು ಆಗದು.

2. ನಿಯಮ ಎಲ್ಲ ಪಕ್ಷಗಳಿಗೂ ಒಂದೇ ಆಗಿರಬೇಕು. ನಮಗೆ ಇಷ್ಟವಾದ ಪಕ್ಷಕ್ಕೆ ಮೈಕು, ಇಷ್ಟವಿಲ್ಲದ ಪಕ್ಷಕ್ಕೆ ಧಿಕ್ಕಾರ ಎಂದರೆ ಅದು ಪಕ್ಷದ ಸಭೆ.

3. ರಾಜಕಾರಣಿ ಬಂದರೆ ಕೆಳಗೆ ಜನರ ನಡುವೆ ಕುಳಿತು ಮೊದಲು ಕೇಳಲಿ. ನಂತರ ಭಾಷಣದ ಬದಲು ಪ್ರಶ್ನೆಗಳಿಗೆ ಉತ್ತರ ಹೇಳಲಿ.

4. ಹೇಳಿದ್ದನ್ನು ದಿನಾಂಕ ಹಾಕಿ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು.

5. ಸಂಘಟಕರಲ್ಲಿ ಯಾರಾದರೂ ಚುನಾವಣೆಗೆ ನಿಲ್ಲುವುದಾದರೆ ಮೊದಲು ಹೋರಾಟದ ಹುದ್ದೆ ಬಿಡಬೇಕು.

ಡಾ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿಯಾಗುತ್ತದೆ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆ ದೆಹಲಿಯ ನಾಯಕರಿಗೆ ಮಾತ್ರವಲ್ಲ, ತಾಲ್ಲೂಕು ಕಚೇರಿ ಮುಂದಿನ ಧರಣಿಗೂ ಅನ್ವಯಿಸುತ್ತದೆ.

ನಿಮ್ಮಲ್ಲಿ ಹಲವರಿಗೆ ಈ ವರ್ಷ 18 ತುಂಬುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರುತ್ತದೆ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಾಕಿಸಿಕೊಳ್ಳುವುದು ಪೌರತ್ವದ ಒಂದು ಭಾಗ. ನಡುವಿನ ದಿನಗಳಲ್ಲಿ ಪ್ರಶ್ನೆ ಕೇಳುವುದು, ಎದುರು ಪಕ್ಕದವರ ಮಾತಿಗೆ ಕಿವಿ ಕೊಡುವುದು ಉಳಿದ ಭಾಗ. ಅಂದು ತರಗತಿಯಲ್ಲಿ ಗುಬ್ಬಿ ಮತ್ತು ಕುಣಿಗಲ್ ಒಂದೇ ಕೋಣೆಯಲ್ಲಿ ಎದ್ದು ನಿಂತು ಮಾತಾಡಿದವು. ದೊಡ್ಡವರ ವೇದಿಕೆಗಳಲ್ಲಿ ಇನ್ನೂ ಆಗದ ಕೆಲಸ ಅದು.

ಚರ್ಚೆಗೆ ಪ್ರಶ್ನೆಗಳು

1. 'ಭಾಷಣದ ವೇದಿಕೆ' ಮತ್ತು 'ಮಾತುಕತೆಯ ಮೇಜು' ಇವುಗಳ ವ್ಯತ್ಯಾಸವನ್ನು ದೆಹಲಿ ರೈತ ಹೋರಾಟದ ಉದಾಹರಣೆಯೊಂದಿಗೆ ವಿವರಿಸಿ.

2. ದೇವನಹಳ್ಳಿ ರೈತರು ರಾಜಕಾರಣಿಯನ್ನು ಧರಣಿಗೆ ಬರಲು ಬಿಡದೇ ಇದ್ದಿದ್ದರೆ ಅವರಿಗೆ ಲಾಭವಾಗುತ್ತಿತ್ತೇ, ನಷ್ಟವಾಗುತ್ತಿತ್ತೇ?

3. ಗುಬ್ಬಿಯವರು ಕುಣಿಗಲ್ ರೈತರ ಪರವಾಗಿ, ಕುಣಿಗಲ್‌ನವರು ಗುಬ್ಬಿ ರೈತರ ಪರವಾಗಿ ತಲಾ ಐದು ವಾಕ್ಯ ಬರೆದು ತನ್ನಿ. ಮುಂದಿನ ತರಗತಿಯಲ್ಲಿ ಓದಿಸುತ್ತೇನೆ.