ಹೆಸರು ಕೊನೆಗೆ ಬರಲಿ: ಪೀಣ್ಯದ ಪೋಷಕರ ಸಭೆಯಲ್ಲಿ ಒಂದು ಸಮಾಜಶಾಸ್ತ್ರ ಪಾಠ

ಬೋಧನಾ ಸೂತ್ರಗಳನ್ನು ಹೇಳಿಕೊಡುವಾಗ ನಾವೆಲ್ಲ ಮೊದಲು ಹೇಳುವುದು ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಮಾತು. ಗಣಿತ, ವಿಜ್ಞಾನಗಳಲ್ಲಿ ಇದಕ್ಕೆ ಹೆಚ್ಚು ತೊಡಕಿಲ್ಲ. ಸಮಾಜಶಾಸ್ತ್ರದ ವಿಚಾರವನ್ನು ಶಾಲೆಯ ಹೊರಗಿನ ದೊಡ್ಡವರಿಗೆ ಹೇಳಹೊರಟಾಗ ಸೂತ್ರ ತಲೆಕೆಳಗಾಗುತ್ತದೆ. ಕೇಳುವವರಿಗೆ ವಿಷಯ ಗೊತ್ತಿರುತ್ತದೆ. ಹೇಳುವವರಿಗೆ ಅದರ ಹೆಸರಷ್ಟೇ ಗೊತ್ತಿರುತ್ತದೆ. ಹಗಲೆಲ್ಲ ಗಾರ್ಮೆಂಟ್ಸ್‌ನಲ್ಲಿ ಬರೀ ಕಾಲರ್ ಹೊಲಿಯುವ ತಾಯಿಯೊಬ್ಬರಿಗೆ ಇಪ್ಪತ್ತೆರಡು ವಯಸ್ಸಿನ ಪ್ರಶಿಕ್ಷಣಾರ್ಥಿ ‘ಶ್ರಮ ವಿಭಜನೆ’ಯ ವ್ಯಾಖ್ಯೆ ಓದಿ ಹೇಳುವುದನ್ನು ಊಹಿಸಿಕೊಂಡರೆ ನನ್ನ ಮಾತು ಅರ್ಥವಾದೀತು.

ನಮ್ಮಲ್ಲಿ ಇಂಟರ್ನ್‌ಶಿಪ್‌ನ ಭಾಗವಾಗಿ ಸಮಾಜ ವಿಜ್ಞಾನ ಪದ್ಧತಿಯವರು ಪೋಷಕರ ಸಭೆಯಲ್ಲಿ ನಲವತ್ತು ನಿಮಿಷದ ಪಾಠವೊಂದನ್ನು ಮಾಡಬೇಕು. ಪೀಣ್ಯದ ಆಸುಪಾಸಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಮೇಲ್ವಿಚಾರಕಳಾಗಿ ಕೂತು ನೋಡಿದ ಪಾಠವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಪ್ರಶಿಕ್ಷಣಾರ್ಥಿ ಆರಿಸಿಕೊಂಡದ್ದು ಹತ್ತನೇ ತರಗತಿಯ ‘ಸಾಮೂಹಿಕ ವರ್ತನೆ ಮತ್ತು ಪ್ರತಿಭಟನೆಗಳು’ ಎಂಬ ಘಟಕ. ಮೊದಲ ಪಾಠ ಯೋಜನೆಯಲ್ಲಿ ಹತ್ತು ನಿಮಿಷ ವ್ಯಾಖ್ಯೆಗಳಿಗೆ ಮೀಸಲಾಗಿತ್ತು: ಜನಮಂದೆ, ದೊಂಬಿ, ಚಳವಳಿ. ಆಮೇಲೆ ಚಿಪ್ಕೊ, ಅಪ್ಪಿಕೊ ಚಿತ್ರಪಟಗಳು. ಮಕ್ಕಳ ತರಗತಿಗೆ ಇದು ಸಾಕಿತ್ತು. ಆದರೆ ಈ ಸಭೆಗೆ ಬರುವ ತಾಯಂದಿರಲ್ಲಿ ಹಲವರು ಗಾರ್ಮೆಂಟ್ಸ್‌ನವರು, ಅವರಲ್ಲಿ ಕೆಲವರು 2016ರ ಏಪ್ರಿಲ್‌ನಲ್ಲಿ ರಸ್ತೆಯಲ್ಲಿ ಕೂತವರು. ಅವರೆದುರು, ಅವರ ಮಕ್ಕಳೂ ಇರುವಾಗ, ‘ದೊಂಬಿ’ ಎಂಬ ಕಾರ್ಡನ್ನು ಎತ್ತಿ ಹಿಡಿದರೆ ಏನಾಗುತ್ತದೆ? ಈ ಪ್ರಶ್ನೆಯ ಮೇಲೆ ನಾವಿಬ್ಬರೂ ಒಂದು ಸಂಜೆ ಕೂತೆವು.

ಆ ಏಪ್ರಿಲ್‌ನ ವಿಷಯವನ್ನು ಕಿರಿಯ ಓದುಗರಿಗಾಗಿ ಹೇಳಬೇಕು. ಪಿ.ಎಫ್.ಗೆ ಕಾರ್ಮಿಕರ ಮೂಲ ವೇತನ ಮತ್ತು ತುಟ್ಟಿಭತ್ಯೆಯಿಂದ ಶೇ. 12 ಕಡಿತವಾಗುತ್ತದೆ. ಮಾಲೀಕರೂ ಶೇ. 12 ಕೊಡಬೇಕು; ಅದರಲ್ಲಿ ಶೇ. 8.33 ಪಿಂಚಣಿಗೆ ಹೋಗಿ, ಶೇ. 3.67 ಪಿ.ಎಫ್. ಖಾತೆಗೆ ಸೇರುತ್ತದೆ. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸವಿಲ್ಲದೆ ಇದ್ದವರು ಪೂರ್ತಿ ಹಣ ತೆಗೆಯಬಹುದಿತ್ತು. 2016ರ ಫೆಬ್ರುವರಿಯ ಕೇಂದ್ರ ಅಧಿಸೂಚನೆ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ಮುಟ್ಟುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್‌ನವರೂ ತುಮಕೂರು ರಸ್ತೆಯಲ್ಲಿ ಕೂತರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಆ ದಿನವೇ ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಲಾಠಿ ಬೀಸಿತು. ಸಂಜೆಯೊಳಗೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಬದಲಾದ ಯೋಜನೆಯಲ್ಲಿ ವ್ಯಾಖ್ಯೆ ಮೊದಲ ಇಪ್ಪತ್ತೈದು ನಿಮಿಷ ಎಲ್ಲೂ ಇರಲಿಲ್ಲ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ‘ಪಿ.ಎಫ್.’ ಎಂದು ಬರೆದು ಕೇಳಿದಳು: “ಅಕ್ಕಂದಿರೇ, ಈ ದುಡ್ಡು ಯಾತಕ್ಕೆ ಅಂತ ಇಟ್ಕೊಂಡಿದ್ರಿ?” ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಮಗಳ ಮದುವೆ. ಮನೆ ಅಡ್ವಾನ್ಸ್. ಸಂಘದ ಸಾಲ. ಅತ್ತೆಯ ಆಪರೇಷನ್. “ಊರಲ್ಲಿ ಶೀಟಿನ ಮನೆಗೆ ಆರ್‌ಸಿಸಿ ಹಾಕ್ಸಬೇಕಿತ್ತು ಮಿಸ್.” ಆಕೆ ಒಂದನ್ನೂ ತಿದ್ದದೆ, ಅವರ ಮಾತಿನಲ್ಲೇ ಬರೆದಳು. ಹಲಗೆ ತುಂಬಿತು. ಆಗ ಎರಡನೆಯ ಪ್ರಶ್ನೆ: “ಒಬ್ಬೊಬ್ಬರಿಗೂ ಬೇರೆ ಬೇರೆ ಕಾರಣ ಇದೆಯಲ್ಲ, ಎಲ್ಲರೂ ಒಂದೇ ದಿನ ರಸ್ತೆಗೆ ಬಂದದ್ದು ಹೇಗೆ?”

ನನ್ನ ದೃಷ್ಟಿಯಲ್ಲಿ ಇಡೀ ಪಾಠದ ಸಮಾಜಶಾಸ್ತ್ರ ಇದೊಂದು ಪ್ರಶ್ನೆಯಲ್ಲಿತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರ ತಮ್ಮ ಪುಸ್ತಕದಲ್ಲಿ ಸ್ವಂತ ಕಷ್ಟ ಮತ್ತು ಸಾರ್ವಜನಿಕ ಪ್ರಶ್ನೆ ಎಂದು ಎರಡನ್ನು ಬೇರ್ಪಡಿಸುತ್ತಾರೆ. ಒಂದು ಲಕ್ಷ ಜನರ ಊರಿನಲ್ಲಿ ಒಬ್ಬನಿಗೆ ಕೆಲಸವಿಲ್ಲದಿದ್ದರೆ ಅವನ ಗುಣ, ಕೌಶಲ ನೋಡಿದರಾಯಿತು. 5 ಕೋಟಿ ದುಡಿಯುವವರ ದೇಶದಲ್ಲಿ 1.5 ಕೋಟಿ ಜನಕ್ಕೆ ಕೆಲಸವಿಲ್ಲವೆಂದರೆ ವ್ಯವಸ್ಥೆಯನ್ನೇ ನೋಡಬೇಕು ಎನ್ನುವುದು ಅವರ ಉದಾಹರಣೆ. ನಮ್ಮ ಸಭೆಯಲ್ಲಿ ಅದನ್ನೇ ಹೇಳಿದ್ದು ಟೈಲರ್ ಒಬ್ಬರು: “ಸಾಲ ನಂದೇ ಮಿಸ್, ಆದ್ರೆ ಸಂಬಳ ಸಾಲ್ದೇ ಇರೋದು ಲೈನಿಗೆಲ್ಲ ಒಂದೇ.” ಮಿಲ್ಸ್ ಹೆಸರನ್ನು ಪ್ರಶಿಕ್ಷಣಾರ್ಥಿ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಕಷ್ಟದ ಘಳಿಗೆ ಇನ್ನೂ ಬರಬೇಕಿತ್ತು. ಹಿಂದಿನ ಬೆಂಚಿನಲ್ಲಿದ್ದ ತಂದೆಯೊಬ್ಬರು ಎದ್ದರು. ಆ ದಿನ ಅವರು ಟೆಂಪೊ ಓಡಿಸುತ್ತಿದ್ದರಂತೆ. “ಬಸ್ ಸುಟ್ಟಿದ್ದೂ ಚಳವಳೀನಾ ಮೇಡಂ? ಅದನ್ನ ಏನಂತೀರಿ?” ಇಂಥ ಕಡೆ ನಮ್ಮವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ: ಪ್ರಶ್ನೆಯನ್ನು ನಗುತ್ತಾ ದಾಟಿಸುತ್ತಾರೆ, ಇಲ್ಲವೇ ಪುಸ್ತಕದ ವ್ಯಾಖ್ಯೆಯ ಹಿಂದೆ ಅಡಗುತ್ತಾರೆ. ಈಕೆ ಹಲಗೆಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಶುರು ಮಾಡಿದಳು: ಎಲ್ಲಿ, ಎಷ್ಟು ಹೊತ್ತಿಗೆ, ಯಾರು, ಏನು ಮಾಡಿದರು. “ನಾವು ಜಾಲಹಳ್ಳಿ ಕ್ರಾಸಲ್ಲಿ ಊಟದ ಡಬ್ಬಿ ಇಟ್ಕೊಂಡು ಕೂತಿದ್ವಿ, ಕಲ್ಲು ಯಾರು ಹೊಡೆದ್ರೋ ನಮಗೆ ಗೊತ್ತಿಲ್ಲ” ಎಂದರು ಒಬ್ಬರು. “ಗಾಡಿ ಸುಟ್ಟುಕೊಂಡವನಿಗೆ ಅದೆಲ್ಲ ಒಂದೇ ಕಣಮ್ಮ” ಎಂದರು ಆ ತಂದೆ. ಅವರ ಮಾತನ್ನೂ ಆಕೆ ಬರೆದಳು. ಇಷ್ಟಾದ ಮೇಲೆ ದೊಂಬಿ, ಚಳವಳಿ ಎಂಬ ಎರಡು ಕಾರ್ಡುಗಳು ಹೊರಬಂದವು. ಇವು ಜನರಿಗೆ ಅಂಟಿಸುವ ಹೆಸರುಗಳಲ್ಲ, ನಡೆದ ಕೆಲಸಕ್ಕೆ ಕೊಡುವ ಹೆಸರುಗಳು ಎಂದು ಹೇಳಿ, ಪಟ್ಟಿಯಲ್ಲಿನ ಯಾವ ಕೆಲಸಕ್ಕೆ ಯಾವುದು ಹೊಂದುತ್ತದೆಂದು ಸಭೆಯನ್ನೇ ಕೇಳಿದಳು. ರಸ್ತೆ ತಡೆದದ್ದು ಯಾವುದಕ್ಕೆ ಸೇರಬೇಕು ಎಂಬಲ್ಲಿ ಒಮ್ಮತ ಬರಲಿಲ್ಲ. ಹಾಗೇ ಬಿಟ್ಟಳು. ಅವಲೋಕನ ಪತ್ರದಲ್ಲಿ ‘ಪಾಠದ ಮುಕ್ತಾಯ’ ಎಂಬ ಕಲಮಿಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ. ಸಹೋದ್ಯೋಗಿಯೊಬ್ಬರು ಅದನ್ನು ಒಪ್ಪುವುದಿಲ್ಲ.

ಪಾರಿಭಾಷಿಕ ಪದ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಸುಲಭದ ಪದಕ್ಕೂ ಅದರದೇ ಅಪಾಯವಿದೆ. ಮೈಸೂರಿನಲ್ಲಿ ಹುಟ್ಟಿ, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ ಅವರು ಬಳಕೆಗೆ ತಂದ ಎರಡು ಪದಗಳನ್ನು ನೋಡಿ. ‘ಸಂಸ್ಕೃತೀಕರಣ’ ಇಂದಿಗೂ ಪರೀಕ್ಷೆಯ ಪದವಾಗಿಯೇ ಉಳಿದಿದೆ. 1955ರ ಲೇಖನದ ‘ವೋಟ್ ಬ್ಯಾಂಕ್’ ಮಾತ್ರ ಪ್ರತಿ ಟೀ ಅಂಗಡಿಯಲ್ಲೂ ಇದೆ, ಏಕೆಂದರೆ ವೋಟು, ಬ್ಯಾಂಕು ಎರಡೂ ಜನರ ಬಾಯಲ್ಲಿ ಆಗಲೇ ಇದ್ದವು. ಆದರೆ ಶ್ರೀನಿವಾಸ್ ಅವರ ಕಣ್ಣು ಇದ್ದದ್ದು ತನ್ನ ಹಿಡಿತದಲ್ಲಿರುವವರ ಮತಗಳನ್ನು ಅಭ್ಯರ್ಥಿಗೆ ಕೊಡಿಸಬಲ್ಲ ಊರಿನ ಯಜಮಾನನ ಮೇಲೆ. ಪದ ಊರೂರು ಸುತ್ತುವಷ್ಟರಲ್ಲಿ ಆ ಯಜಮಾನ ಮಾಯವಾಗಿ, ಯಾವುದೋ ಒಂದು ಸಮುದಾಯಕ್ಕೆ ಅಂಟಿಸುವ ಚೀಟಿಯಷ್ಟೇ ಉಳಿಯಿತು. ‘ಸ್ತರವಿನ್ಯಾಸ’ದ ಬದಲು ನಮ್ಮವರು ‘ಏಣಿ’ ಎನ್ನುವಾಗಲೂ ಇದೇ ಅನುಮಾನ ನನಗೆ: ಏಣಿ ಎಂದಕೂಡಲೇ ಹತ್ತಿದರಾಯಿತು ಅನ್ನಿಸುತ್ತದೆ, ಕೆಲವರಿಗೆ ಮೆಟ್ಟಿಲೇ ಇಲ್ಲ ಎನ್ನುವುದು ಜಾರಿಹೋಗುತ್ತದೆ. ಆದ್ದರಿಂದ ಪಾಠ ಯೋಜನೆಯಲ್ಲಿ ಪದದ ಮುಂದೆ ಇನ್ನೊಂದು ಸಾಲು ಬರೆಯಿರಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಸರಳಗೊಳಿಸಿದಾಗ ಇದರಿಂದ ಏನು ಬಿದ್ದುಹೋಗುತ್ತದೆ?

ಇನ್ನು ಮೌಲ್ಯಮಾಪನ. ದೊಡ್ಡವರಿಗೆ ಪ್ರಶ್ನೆಪತ್ರಿಕೆ ಕೊಡಲಾಗದು. ಪಾಠದ ವಿಚಾರವನ್ನು ಅವರು ಬೇರೆಲ್ಲಾದರೂ ಬಳಸಿದರೆ ಮುಟ್ಟಿತು ಎಂದು ತಿಳಿಯಬಹುದು. ಆ ದಿನ ಪಾಠ ಮುಗಿದು ಅಂಕಪಟ್ಟಿ ಹಂಚುತ್ತಿದ್ದಾಗ ಒಬ್ಬ ತಾಯಿ, “ನಮ್ ಹುಡುಗ ಲೆಕ್ಕದಲ್ಲಿ ದಡ್ಡ ಮಿಸ್, ನನ್ ತಲೆನೇ ಬಂದಿದೆ” ಎಂದರು. ಪ್ರಶಿಕ್ಷಣಾರ್ಥಿ ಬಾಯಿ ತೆರೆಯುವ ಮೊದಲೇ ಪಕ್ಕದವರು ಕೇಳಿದರು: “ಸಾಯಂಕಾಲ ನಿಮ್ಮನೇಲಿ ಯಾರಿರ್ತಾರೆ?” ಓಟಿ ಮುಗಿಸಿ ಮನೆ ಸೇರುವಾಗ ಎಂಟಾಗುತ್ತದೆ ಎಂದು ಉತ್ತರ ಬಂತು. “ನಮ್ಮನೇಲೂ ಅಷ್ಟೇ.” ಇನ್ನೂ ನಾಲ್ಕೈದು ಜನ ಅದನ್ನೇ ಹೇಳಿದರು. ಸಂಜೆ ಐದರಿಂದ ಏಳರವರೆಗೆ ಒಂದು ಕೊಠಡಿ ತೆರೆದಿಡಲು ಆಗುತ್ತದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಅವರೇ ಕೇಳಿದರು. ಮುಖ್ಯೋಪಾಧ್ಯಾಯರು ಎಸ್‌ಡಿಎಂಸಿ ಮುಂದೆ ಇಡುವುದಾಗಿ ಹೇಳಿದರು. ಆ ಸಭೆಯನ್ನು ಭಾನುವಾರ ಹತ್ತೂವರೆಗೆ ಇಡಬೇಕೆಂದೂ, ಅದಕ್ಕೆ ಮುಂಚೆ ವಾರದ ಬಟ್ಟೆ ಒಗೆದು ಮುಗಿಯುವುದಿಲ್ಲವೆಂದೂ ತಾಯಂದಿರು ತಿಳಿಸಿದರು.