ಲಾಭಕ್ಕೆ ಪಾಲುದಾರ, ನಷ್ಟಕ್ಕೆ?

ಕಳೆದ ತಿಂಗಳು ಜುಮುಅ ನಮಾಝ್ ಮುಗಿದ ಮೇಲೆ ವೈಟ್‌ಫೀಲ್ಡ್‌ನ ಕಂಪೆನಿಯೊಂದರಲ್ಲಿ ದುಡಿಯುವ ಯುವಕನೊಬ್ಬನು ನನ್ನ ಬಳಿ ಬಂದು ಕುಳಿತನು. ಅವನೂ ಹನ್ನೊಂದು ಮಂದಿ ಸಂಗಡಿಗರೂ ತಲಾ ಒಂದು ಲಕ್ಷ ರೂಪಾಯಿ ಕೂಡಿಸಿ, ಆಗತಾನೇ ಕಣ್ಣು ಬಿಡುತ್ತಿರುವ ಕಂಪೆನಿಗಳಲ್ಲಿ ಪಾಲು ಕೊಳ್ಳಲು ಒಂದು ಕೂಟ ಕಟ್ಟಿಕೊಂಡಿದ್ದಾರೆ. ಮೊದಲನೆಯದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಇಬ್ಬರು ಹುಡುಗರ ಕಾರ್ಖಾನೆ. ಎರಡನೆಯದು ದೂರದ ನೈರೋಬಿಯಲ್ಲಿ ಮೊಬೈಲ್ ಮೂಲಕ ಹಣ ರವಾನಿಸುವ ಕಂಪೆನಿ. “ಮೌಲಾನಾ, ಇದು ಜಾಯಿಝಾ?” ಎಂಬುದು ಅವನ ಪ್ರಶ್ನೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿರಬಹುದು. ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ, ಲಾಭದಲ್ಲಿ ಇಬ್ಬರಿಗೂ ಪಾಲು. ಇದು ಮುದಾರಬಃ. ಹ. ಖದೀಜಾ(ರ) ತಮ್ಮ ಸರಕನ್ನು ಪ್ರವಾದಿವರ್ಯರ(ಸ) ಕೈಗೊಪ್ಪಿಸಿ ಶಾಮ್ ದೇಶಕ್ಕೆ ಕಳುಹಿಸಿದ್ದನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಇಬ್ಬರೂ ಬಂಡವಾಳ ಹಾಕಿದರೆ ಅದು ಮುಶಾರಕಃ. ಆದರೆ ನಷ್ಟದ ಮಾತು ಬಂದಾಗ ನಮ್ಮ ಕಿವಿ ಮಂದವಾಗುತ್ತದೆ! ಮುದಾರಬದಲ್ಲಿ ನಷ್ಟವಾದರೆ ಹಣ ಹೋಗುವುದು ಹಣ ಹಾಕಿದವನದ್ದು. ದುಡಿದವನಿಗೆ ಹೋಗುವುದು ಅವನ ದುಡಿಮೆ. ಅವನು ವಂಚಿಸಿದ್ದರೆ ಅಥವಾ ಅಸಡ್ಡೆ ಮಾಡಿದ್ದರೆ ಮಾತ್ರ ಹೊಣೆ ಅವನದು. ಮುಶಾರಕದಲ್ಲಿ ಬಂಡವಾಳದ ಪ್ರಮಾಣಕ್ಕೆ ತಕ್ಕಂತೆ ನಷ್ಟ ಹಂಚಿಹೋಗುತ್ತದೆ. ನಷ್ಟವೇ ಇಲ್ಲ, ತಿಂಗಳಿಗಿಷ್ಟು ಖಚಿತ ಎಂದ ಮೇಲೆ ಅದಕ್ಕೆ ಯಾವ ಅರಬಿ ಹೆಸರಿಟ್ಟರೂ ಅದು ಬಡ್ಡಿಯೇ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? 2019ರ ಜೂನ್‌ನಲ್ಲಿ ಐ.ಎಂ.ಎ. ಕುಸಿದಾಗ ಶಿವಾಜಿನಗರದ ಆ ಕಚೇರಿಯ ಮುಂದೆ ನೆರೆದವರಲ್ಲಿ ಬುರ್ಖಾ ಧರಿಸಿದ ತಾಯಂದಿರೆಷ್ಟು ಮಂದಿ! ಹತ್ತಾರು ಸಾವಿರ ದೂರುಗಳು ದಾಖಲಾದವು. ದೇಶ ಬಿಟ್ಟಿದ್ದ ಸಂಸ್ಥಾಪಕನು ಜುಲೈಯಲ್ಲಿ ದಿಲ್ಲಿಯಲ್ಲಿ ಬಂಧಿತನಾದನು. ಕಾಗದದಲ್ಲಿ ಹಣ ಕೊಟ್ಟವರೆಲ್ಲ ‘ಪಾಲುದಾರರು’, ಬರುತ್ತಿದ್ದುದು ‘ಲಾಭಾಂಶ’. ವ್ಯಾಪಾರ ಯಾವುದು, ಲೆಕ್ಕ ಎಲ್ಲಿದೆ ಎಂದು ಕೇಳಿದವರು ಎಷ್ಟು ಮಂದಿ? ಹಲಾಲ್ ಎಂಬ ಪದವೇ ನಮಗೆ ಲೆಕ್ಕಪುಸ್ತಕವಾಗಿತ್ತು. ನಮ್ಮಂಥ ಉಲಮಾಗಳಲ್ಲಿ ಕೆಲವರೂ ಆ ಪದಕ್ಕೆ ಸಾಕ್ಷಿ ನಿಂತರೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಆದ್ದರಿಂದ ಯುವಕನಿಗೆ ಕಾಗದ ತರಲು ಹೇಳಿದೆನು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತವು ಆಜ್ಞಾಪಿಸುತ್ತದೆ. ಪಾಲುದಾರಿಕೆಗೆ ಬರಹ ಬೇಡವೇ? ಪೀಣ್ಯದ ಹುಡುಗರ ಕರಾರಿನಲ್ಲಿ ವರ್ಷಕ್ಕೆ ಶೇಕಡಾ 12 ಕನಿಷ್ಠ ಲಾಭ ಖಚಿತವೆಂದು ಬರೆದಿತ್ತು. ಕೂಟದವರೇ ಬರೆಸಿದ್ದಂತೆ! ಕೊಡುವುದು ‘ಪ್ರಿಫರೆನ್ಸ್’ ಶೇರು ಎಂದೂ ಇತ್ತು. ಕಂಪೆನಿ ಮುಚ್ಚಿದರೆ ಈ ಶೇರುದಾರರ ಹಣ ಮೊದಲು, ಮಿಕ್ಕವರದ್ದು ಆಮೇಲೆ. ಲಾಭದಲ್ಲಿ ಜೊತೆಗಿದ್ದು ಮುಳುಗುವಾಗ ಮೊದಲು ದಡ ಹತ್ತುವ ಈ ಕರಾರನ್ನು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಸಾಮಾನ್ಯ ಶೇರು ಸಾಕು ಎಂದೆನು.

ನೈರೋಬಿಯ ವಿಷಯ ಇನ್ನೂ ಸೂಕ್ಷ್ಮ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಆರಂಭವಾದಂದಿನಿಂದ ಬಡವರೂ ಮೊಬೈಲಿನಲ್ಲೇ ಹಣ ಕಳುಹಿಸುತ್ತಾರೆ. ಆ ಸೇವೆಗೆ ಶುಲ್ಕ ಪಡೆಯುವುದು ಕೂಲಿ. ಅದೇ ಮೊಬೈಲಿನಲ್ಲಿ ಸಾಲ ಕೊಟ್ಟು ‘ಶುಲ್ಕ’ವೆಂದು ಹೆಚ್ಚಿಗೆ ಪಡೆದರೆ? ಈ ಕಂಪೆನಿಯ ಆದಾಯ ಎರಡರಲ್ಲಿ ಯಾವುದರಿಂದ ಎಂಬುದು ಯುವಕನಿಗೆ ತಿಳಿದಿರಲಿಲ್ಲ. ಮೇಲಾಗಿ, ಹಣಕಾಸು ಸೇವೆಯ ವಿದೇಶಿ ಕಂಪೆನಿಯ ಪಾಲನ್ನು ವ್ಯಕ್ತಿಗಳು ಹೀಗೆ ಕೊಳ್ಳುವುದಕ್ಕೆ 2022ರ ನಮ್ಮ ದೇಶದ ನಿಯಮಗಳಲ್ಲಿ ತಡೆಯಿದೆ. ದೇಶದ ಕಾನೂನನ್ನು ಹಿಂಬಾಗಿಲಿನಿಂದ ದಾಟಿ ಹಲಾಲ್ ಹುಡುಕುವುದುಂಟೇ?

ಇನ್ನೊಂದು ಮಾತು ಕೇಳಿದೆನು: “ನಿನ್ನ ಲಕ್ಷ ಎಲ್ಲಿಯದು?” ಹೊಸ ಕಂಪೆನಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಅವನು ತಲೆತಗ್ಗಿಸಿದನು. ಅಮ್ಮ ಹಜ್ಜ್‌ಗೆಂದು ಕೂಡಿಟ್ಟಿದ್ದರಲ್ಲಿ ನಲವತ್ತು ಸಾವಿರ ಸೇರಿತ್ತು. ಅದನ್ನು ಅಂದೇ ಹಿಂದಿರುಗಿಸಲು ಹೇಳಿದೆನು.

ಮುಂದಿನ ಜುಮುಅಕ್ಕೆ ಅವನು ಪೀಣ್ಯದ ಹೊಸ ಕರಾರು ತಂದನು. ಶೇಕಡಾ 12ರ ಸಾಲು ಇರಲಿಲ್ಲ. ನಷ್ಟಕ್ಕೂ ಪಾಲಿದೆ ಎಂದು ತಿಳಿದ ಮೇಲೆ ಹನ್ನೆರಡು ಮಂದಿಯಲ್ಲಿ ಐವರು ಹಿಂದೆ ಸರಿದಿದ್ದರು.